ಹೆಸರಿಡುವ ಮುಂಚೆ ಒಂದು ಫೋನ್ ಮಾಡಿ

ಹೋದ ಸಂಚಿಕೆಯಲ್ಲಿ 'ಹೊಸ ಉದ್ಯೋಗಕ್ಕೆ ಹೆಸರು ಹುಡುಕುತ್ತಿದ್ದೀರಾ? ಬರೆಯಿರಿ' ಅಂತ ಒಂದು ಸಾಲು ಹಾಕಿದ್ದೆ. ಸಾಲದ ಬಗ್ಗೆ, ತೆರಿಗೆ ಬಗ್ಗೆ ಕೇಳಿದಾಗಲೂ ಇಷ್ಟು ಪತ್ರ ಬಂದಿರಲಿಲ್ಲ! ಬೋರ್ಡು, ಲೆಟರ್‌ಹೆಡ್, ಪ್ಯಾಕೆಟ್ ಮೇಲಿನ ಅಕ್ಷರ, ಇವುಗಳ ವಿನ್ಯಾಸ ನನ್ನ ಹೊಟ್ಟೆಪಾಡು. ಹೆಸರು ಇಟ್ಟಾದ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ಇಡುವ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹೆಸರಿಗೇ ಮೀಸಲು. ಬರೆದವರ ಹೆಸರು ಹಾಕಿಲ್ಲ. ಅವರು ಗುಟ್ಟಾಗಿ ಇಟ್ಟುಕೊಂಡಿರುವ ಹೆಸರುಗಳನ್ನೂ ಹಾಕಿಲ್ಲ, ಯಾರಾದರೂ ಎತ್ತಿಕೊಂಡು ಹೋದರೆ ಬೈಗುಳ ನನಗೆ.

ಪ್ರಶ್ನೆ: ನಾನು ಮತ್ತು ಗೆಳೆಯ ಸೇರಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕಂಪನಿ ಶುರು ಮಾಡುತ್ತಿದ್ದೇವೆ. ಹೆಸರುಗಳ ಪಟ್ಟಿ ನಲವತ್ತು ದಾಟಿದೆ. ದಿನಾ ಜಗಳ. ಆರಿಸೋದು ಹೇಗೆ ಮೇಡಂ?
— ಇಬ್ಬರು ಪಾಲುದಾರರಲ್ಲಿ ಒಬ್ಬರು

ನಲವತ್ತು ಹೆಸರು ಇದೆ ಅಂದರೆ ಇನ್ನೂ ಒಂದೂ ಇಲ್ಲ ಅಂತ ಲೆಕ್ಕ. ಹಾಳೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನೀವು ಹಾಳೆ ಪಕ್ಕಕ್ಕಿಟ್ಟು ಫೋನ್ ಎತ್ತಿಕೊಳ್ಳಿ.

ನಿಮ್ಮ ಪಟ್ಟಿ ನೋಡಿರದ ಒಬ್ಬರಿಗೆ ಫೋನ್ ಮಾಡಿ. ಗಲಾಟೆ ಇರುವ ಜಾಗದಿಂದ ಮಾಡಿದರೆ ಇನ್ನೂ ಒಳ್ಳೆಯದು. 'ನಮಸ್ಕಾರ, ನಾವು ಇಂಥ ಕಂಪನಿಯಿಂದ ಮಾತಾಡ್ತಿದ್ದೀವಿ' ಅಂತ ಒಂದೇ ಸಲ ಹೇಳಿ. ಕೇಳಿಸಿದ್ದನ್ನು ಬರೆದುಕೊಳ್ಳಲು ಹೇಳಿ, ಬರೆದದ್ದರ ಫೋಟೊ ತರಿಸಿಕೊಳ್ಳಿ. 'ಏನಂದ್ರಿ?' ಅಂತ ಕೇಳಿದರೆ ಆ ಹೆಸರಿಗೆ ಅಡ್ಡಗೆರೆ. ತಪ್ಪಾಗಿ ಬರೆದರೂ ಅಡ್ಡಗೆರೆ. ಮರುದಿನ ಅವರಿಗೇ ಮತ್ತೆ ಫೋನ್ ಮಾಡಿ, 'ನಿನ್ನೆ ಏನೋ ಹೆಸರು ಹೇಳಿದ್ನಲ್ಲ, ಏನದು?' ಅನ್ನಿ. ನೆನಪಿಲ್ಲದಿದ್ದರೆ ಮತ್ತೊಂದು ಅಡ್ಡಗೆರೆ. ನಲವತ್ತು ಹೆಸರು ಸರಸರ ಕರಗುತ್ತವೆ.

ಇದು ನನ್ನ ತಲೆಯಿಂದ ಬಂದ ಪರೀಕ್ಷೆಯಲ್ಲ. 1994ರಲ್ಲಿ ಜೆಫ್ ಬೆಜೋಸ್ ತನ್ನ ಕಂಪನಿಯನ್ನು ನೋಂದಾಯಿಸಿದ್ದು 'ಕಡಾಬ್ರಾ' ಅಂತ. ಮಂತ್ರವಾದಿಗಳು ಹೇಳುವ 'ಅಬ್ರಕಡಾಬ್ರಾ'ದ ಬಾಲ. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ವಕೀಲರಿಗೆ 'ಕಡಾವರ್' ಅಂತ ಕೇಳಿಸಿತು. ಅಂದರೆ ಹೆಣ! ಹೊಸ ಹೆಸರು ಹುಡುಕಿದರು, ಅಮೆಜಾನ್ ಬಂತು. ನಡುವೆ 'ರಿಲೆಂಟ್‌ಲೆಸ್' ಅನ್ನುವ ಹೆಸರೂ ಅವರ ಮನಸ್ಸಿನಲ್ಲಿತ್ತು. ಸ್ವಲ್ಪ ಹೆದರಿಸುವ ಹಾಗಿದೆ ಅಂತ ಗೆಳೆಯರು ಬೇಡ ಅಂದರು. ಅಷ್ಟು ದೊಡ್ಡ ಕಂಪನಿಯ ಹೆಸರನ್ನೂ ಉಳಿಸಿದ್ದು ಒಂದು ಫೋನ್ ಕರೆ.

ನಿಮ್ಮ ಜಗಳದ ಬಗ್ಗೆ ಒಂದು ಮಾತು. ಹೆಸರನ್ನು ದಿನವಿಡೀ ಹೇಳಬೇಕಾದವರು ನಿಮ್ಮ ಗಿರಾಕಿಗಳು. ಅವರ ನಾಲಿಗೆಗೆ ಯಾವುದು ಸಲೀಸು ಅಂತ ನೋಡಿ. ನಿಮ್ಮಿಬ್ಬರಲ್ಲಿ ಗೆದ್ದವರು ಯಾರು ಅನ್ನುವುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಮರಗೆಲಸ ಮಾಡುತ್ತೇನೆ. ಇಷ್ಟು ದಿನ ಇನ್ನೊಬ್ಬರ ಹತ್ತಿರ ದುಡಿದೆ. ಈಗ ಸ್ವಂತ ವರ್ಕ್‌ಶಾಪ್. ನನ್ನ ಹೆಸರನ್ನೇ ಇಡೋಣ ಅಂತ ಆಸೆ. ಹೆಂಡತಿ 'ಇದೇನು ಅಹಂಕಾರ' ಅನ್ನುತ್ತಾಳೆ. ಮಗಳ ಹೆಸರು ಇಡಲಾ?
— ಮರಗೆಲಸದವರು

ಅಹಂಕಾರ ಅಲ್ಲ, ಜವಾಬ್ದಾರಿ. ಮನೆಯವರಿಗೆ ನಾನು ಹೇಳಿದೆ ಅಂತ ಹೇಳಿ.

ಬಾಯಿ ಮಾತಿಗೆ ಹೇಳುತ್ತಿಲ್ಲ. ಶರೋನ್ ಬೆಲೆಂಜಾನ್, ಆರನ್ ಚಟರ್ಜಿ, ಬ್ರೆಂಡನ್ ಡೇಲಿ ಅನ್ನುವ ಮೂವರು ಅಧ್ಯಯನಕಾರರು ಪಶ್ಚಿಮ ಯೂರೋಪಿನ ಲಕ್ಷಾಂತರ ಕಂಪನಿಗಳ ಲೆಕ್ಕ ತೆಗೆದು 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿನ ಕಂಪನಿಗಳಲ್ಲಿ ಸುಮಾರು 19 ಶೇಕಡ ಮಾಲೀಕರ ಹೆಸರನ್ನೇ ಇಟ್ಟುಕೊಂಡಿದ್ದವು. ಹೂಡಿದ ಆಸ್ತಿಯ ಮೇಲಿನ ಲಾಭ ನೋಡಿದರೆ, ಅಂಥವು ಉಳಿದವಕ್ಕಿಂತ ಸುಮಾರು 3 ಶೇಕಡಾಂಶ ಮುಂದಿದ್ದವು. ಹೆಸರು ಅಪರೂಪದ್ದಾದಷ್ಟೂ ಈ ಅಂತರ ಜಾಸ್ತಿ. ಕಾರಣ ಊಹಿಸುವುದು ಕಷ್ಟವಲ್ಲ. ಬಾಗಿಲು ಸರಿಯಾಗಿ ಕೂರದಿದ್ದರೆ ಜನ ಬೈಯುವುದು ನಿಮ್ಮ ಹೆಸರು ಹಿಡಿದೇ. ಅಷ್ಟು ಧೈರ್ಯ ಇರುವವರು ಮಾತ್ರ ಸ್ವಂತ ಹೆಸರು ಇಡುತ್ತಾರೆ. ಹೆಸರಿನಿಂದಲೇ ಲಾಭ ಬಂತು ಅಂತ ತಿಳಿಯಬೇಡಿ. ಕೆಲಸದ ಮೇಲೆ ನಂಬಿಕೆ ಇದ್ದವರು ಹೆಸರು ಪಣಕ್ಕಿಟ್ಟರು, ಗಿರಾಕಿಗೂ ಅದು ಗೊತ್ತಾಯಿತು. ಮರಗೆಲಸದಂಥ ಕಸುಬಿನಲ್ಲಿ ಜನ ಹೇಗೂ 'ಅವರ ಹತ್ತಿರ ಮಾಡಿಸಿ' ಅಂತ ನಿಮ್ಮ ಹೆಸರನ್ನೇ ಹೇಳುತ್ತಾರೆ. ಬೋರ್ಡಿನ ಮೇಲೆ ಬೇರೆ ಏನೋ ಇದ್ದರೆ ಅವರಿಗೆ ಗೊಂದಲ.

ಆದರೆ ಮೂರು ಸಂದರ್ಭದಲ್ಲಿ ಸ್ವಂತ ಹೆಸರು ಕಾಡುತ್ತದೆ.

ಒಂದು, ಮುಂದೆ ಮಾರುವ ಯೋಚನೆ ಇದ್ದರೆ. ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರ ಕಥೆ ಕೇಳಿ. ಸ್ವಂತ ಹೆಸರಿನಲ್ಲಿ ರೆಸ್ಟೋರೆಂಟ್ ಕಟ್ಟಿದರು. 1961ರಲ್ಲಿ ರೇ ಕ್ರಾಕ್ ಅನ್ನುವ ವ್ಯಾಪಾರಿ ಅದನ್ನು 27 ಲಕ್ಷ ಡಾಲರಿಗೆ ಕೊಂಡುಕೊಂಡ. ಮೊದಲಿನ ಒಂದು ರೆಸ್ಟೋರೆಂಟನ್ನು ಅಣ್ಣತಮ್ಮಂದಿರು ತಮಗೇ ಇಟ್ಟುಕೊಂಡರು. ಆದರೆ ಹೆಸರು ಮಾರಿಯಾಗಿತ್ತಲ್ಲ! ಅಪ್ಪ ಕೊಟ್ಟ ಹೆಸರನ್ನು ತಮ್ಮದೇ ಬಾಗಿಲ ಮೇಲೆ ಹಾಕುವ ಹಾಗಿಲ್ಲ. ಬೋರ್ಡು ಇಳಿಸಿ 'ದ ಬಿಗ್ ಎಂ' ಅಂತ ಹಾಕಬೇಕಾಯಿತು. ಕ್ರಾಕ್ ಸುಮ್ನಿರಲಿಲ್ಲ, ಹತ್ತಿರದಲ್ಲೇ ಒಂದು ಮೆಕ್‌ಡೊನಾಲ್ಡ್ಸ್ ತೆರೆದ. ಬಿಗ್ ಎಂ ಕೊನೆಗೆ ಮುಚ್ಚಿತು. ನಿಮ್ಮ ಹೆಸರಿನ ಅಂಗಡಿ ಮಾರುವ ದಿನ ಬಂದರೆ, ಕರಾರು ಪತ್ರದಲ್ಲಿ ಹೆಸರಿನ ಸಾಲನ್ನು ಎರಡು ಸಲ ಓದಿ.

ಎರಡು, ಪಾಲುದಾರರಿದ್ದರೆ. ಎಚ್‌ಪಿ ಕಂಪನಿ ಕಟ್ಟಿದ ಹ್ಯೂಲೆಟ್ ಮತ್ತು ಪ್ಯಾಕರ್ಡ್ 1939ರಲ್ಲಿ ಯಾರ ಹೆಸರು ಮುಂದೆ ಬರಬೇಕು ಅಂತ ನಾಣ್ಯ ಚಿಮ್ಮಿದರಂತೆ. ಅವರ ನಡುವೆ ಸ್ನೇಹ ಉಳಿಯಿತು, ಹೆಸರೂ ಉಳಿಯಿತು. ಎಲ್ಲರಿಗೂ ಹಾಗಾಗುವುದಿಲ್ಲ. ಜರ್ಮನಿಯ ಡಾಸ್ಲರ್ ಅಣ್ಣತಮ್ಮಂದಿರು ಒಟ್ಟಿಗೆ ಶೂ ಮಾಡುತ್ತಿದ್ದರು. 1948ರಲ್ಲಿ ಮುನಿಸಿಕೊಂಡು ಬೇರೆಯಾದರು. ತಮ್ಮ ಆಡಿ ಡಾಸ್ಲರ್ ತನ್ನ ಹೆಸರಿನ ಎರಡು ತುಂಡು ಜೋಡಿಸಿ ಅಡಿಡಾಸ್ ಮಾಡಿದ. ಅಣ್ಣ ರುಡಾಲ್ಫ್ ಅದೇ ದಾರಿ ಹಿಡಿದು 'ರೂಡಾ' ಅಂದ. ಅದು ಯಾಕೋ ಕೂರಲಿಲ್ಲ, 'ಪೂಮಾ' ಅಂತ ಬದಲಿಸಿದ. ಒಂದೇ ಊರು, ಒಂದೇ ಮನೆತನ, ಎರಡು ಕಂಪನಿ. ಮನೆತನದ ಹೆಸರು ಎರಡರ ಮೇಲೂ ಪೂರ್ತಿಯಾಗಿ ಉಳಿಯಲಿಲ್ಲ.

ಮೂರನೆಯದು, ನಿಮ್ಮ ಹೆಸರಿನವರೇ ಅದೇ ಕಸುಬಿನಲ್ಲಿ ಆಗಲೇ ಹೆಸರು ಮಾಡಿದ್ದರೆ. 'ನನ್ನ ಹೆಸರು, ನನ್ನ ಹಕ್ಕು' ಅನ್ನುವ ಮಾತು ಕೋರ್ಟಿನಲ್ಲಿ ಎಲ್ಲ ಸಲ ನಡೆಯುವುದಿಲ್ಲ.

ಇನ್ನು ಮಗಳು. ಎಮಿಲ್ ಯೆಲಿನೆಕ್ ಅನ್ನುವ ವ್ಯಾಪಾರಿ ಡೈಮ್ಲರ್ ಕಂಪನಿಯಿಂದ ಕಾರುಗಳನ್ನು ಕೊಂಡು ಮಾರುತ್ತಿದ್ದ. ತಾನು ಹೇಳಿ ಮಾಡಿಸಿದ ಕಾರಿಗೆ ಮಗಳ ಹೆಸರೇ ಇರಲಿ ಅಂತ ಹಟ ಹಿಡಿದ. ಮರ್ಸಿಡಿಸ್ ಆಕೆಯ ಹೆಸರು. 1902ರಲ್ಲಿ ಅದು ಟ್ರೇಡ್‌ಮಾರ್ಕ್ ಆಯಿತು. ಮಜಾ ಏನೆಂದರೆ, 1903ರಲ್ಲಿ ಅಪ್ಪ ತನ್ನ ಹೆಸರನ್ನೇ ಯೆಲಿನೆಕ್-ಮರ್ಸಿಡಿಸ್ ಅಂತ ಬದಲಿಸಿಕೊಂಡ! ಮಗಳ ಹೆಸರು ಇಡಿ, ತಪ್ಪೇನಿಲ್ಲ. ಎರಡನೇ ಮಗು ಹುಟ್ಟಿದ ಮೇಲೆ ಅದು 'ನನ್ನ ಹೆಸರಲ್ಲಿ ಏನಿದೆ' ಅಂತ ಕೇಳಿದರೆ ನನಗೆ ಬರೆಯಬೇಡಿ.

ನನ್ನ ಮತ? ನಿಮ್ಮ ಹೆಸರೇ ಇರಲಿ. ಕೆಳಗೆ ಚಿಕ್ಕದಾಗಿ 'ಮರಗೆಲಸ' ಅಂತ ಬರೆಸಿ. ಅಕ್ಷರಕ್ಕೆ ಬಂಗಾರದ ಬಣ್ಣ ಮಾತ್ರ ಬೇಡ, ಬಿಸಿಲಲ್ಲಿ ಓದಲು ಆಗುವುದಿಲ್ಲ.

ಪ್ರಶ್ನೆ: ಮಾಡುವ ಕೆಲಸ ಹೆಸರಿನಲ್ಲೇ ಇರಬೇಕಾ? ಅಥವಾ ಅರ್ಥವೇ ಇಲ್ಲದ ಹೊಸ ಪದ ಹುಟ್ಟಿಸಬೇಕಾ? ತಮ್ಮ ಒಂದು ಹೇಳ್ತಾನೆ, ಅಕೌಂಟೆಂಟ್ ಒಂದು ಹೇಳ್ತಾರೆ.
— ಮನೆ ಸ್ವಚ್ಛತೆಯ ಸೇವೆ ಕೊಡುವವರು

ಇಬ್ಬರೂ ಅರ್ಧರ್ಧ ಸರಿ. ಕಾನೂನಿನ ಕಣ್ಣಿನಲ್ಲಿ ಹೆಸರುಗಳಿಗೆ ಮೇಲು ಕೀಳು ಇದೆ. 1976ರಲ್ಲಿ ಅಮೆರಿಕದ ಒಂದು ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ವಿಂಗಡಿಸಿತು, ಬೇರೆ ಬೇರೆ ದೇಶಗಳಲ್ಲೂ ಸುಮಾರು ಇದೇ ದಾರಿ. ಹೊಸದಾಗಿ ಹುಟ್ಟಿಸಿದ ಪದಕ್ಕೆ ರಕ್ಷಣೆ ಗಟ್ಟಿ. ಇರುವ ಪದವನ್ನೇ ಸಂಬಂಧವಿಲ್ಲದ ವಸ್ತುವಿಗೆ ಇಟ್ಟರೂ ಗಟ್ಟಿ. ಕಂಪ್ಯೂಟರಿಗೆ ಆಪಲ್ ಅಂದರೆ ಸರಿ, ಸೇಬಿನ ಅಂಗಡಿಗೆ ಆಪಲ್ ಅಂದರೆ ಅದು ಯಾರಪ್ಪನ ಆಸ್ತಿಯೂ ಅಲ್ಲ. ಕೆಲಸವನ್ನು ಸೂಚಿಸುವ ಹೆಸರು ನಡುವೆ ಬರುತ್ತದೆ. ಕೆಲಸವನ್ನೇ ನೇರವಾಗಿ ಹೇಳುವ ಹೆಸರು ದುರ್ಬಲ. ವಸ್ತುವಿನ ಹೆಸರನ್ನೇ ಇಟ್ಟರೆ ರಕ್ಷಣೆಯೇ ಇಲ್ಲ. 'ಸ್ವಚ್ಛ ಮನೆ ಸೇವೆ' ಅಂತ ನೀವು ಇಟ್ಟರೆ, ನಾಳೆ ಪಕ್ಕದ ಬೀದಿಯವರು 'ಶುದ್ಧ ಮನೆ ಸೇವೆ' ಅಂತ ಇಡುತ್ತಾರೆ. ನೀವು ಏನೂ ಮಾಡಲಾರಿರಿ.

ಹುಟ್ಟಿಸಿದ ಪದಕ್ಕೆ ದೊಡ್ಡ ಉದಾಹರಣೆ ಕೊಡಾಕ್, 1888. ಜಾರ್ಜ್ ಈಸ್ಟ್‌ಮನ್‌ಗೆ 'ಕೆ' ಅಕ್ಷರದ ಮೇಲೆ ಪ್ರೀತಿ, ಅದರಲ್ಲಿ ಕಸುವು ಇದೆ ಅಂತ. ಹೆಸರು ಚಿಕ್ಕದಿರಬೇಕು, ತಪ್ಪಾಗಿ ಹೇಳಲು ಬರಬಾರದು, ಬೇರೆ ಯಾವುದನ್ನೂ ಹೋಲಬಾರದು ಅಂತ ಅವನ ಲೆಕ್ಕ. ಮುಂದೆ 'ಕೆ', ಹಿಂದೆ 'ಕೆ', ನಡುವೆ ಸ್ವಲ್ಪ ತುಂಬಿಸಿದ. ಅಕ್ಷರ ಕೆಲಸದವಳಾಗಿ ಹೇಳುತ್ತೇನೆ, ಎರಡು ಕಡೆ ಒಂದೇ ಅಕ್ಷರ ಇರುವ ಹೆಸರು ಬೋರ್ಡಿನ ಮೇಲೆ ಚೆನ್ನಾಗಿ ಕೂರುತ್ತದೆ.

ಆದರೆ ಅರ್ಥವಿಲ್ಲದ ಪದಕ್ಕೆ ಅರ್ಥ ತುಂಬಲು ಜಾಹೀರಾತಿನ ದುಡ್ಡು ಬೇಕು. ಈಸ್ಟ್‌ಮನ್ ಸುರಿದ. ನಿಮ್ಮ ಹತ್ತಿರ ಅಷ್ಟಿದೆಯಾ? ಇಲ್ಲ ಅಲ್ವಾ. ಹಾಗಾಗಿ ಸಣ್ಣವರಿಗೆ ನಾನು ನಡುವಿನ ದಾರಿ ಹೇಳುತ್ತೇನೆ. ಹೆಸರು ಕೆಲಸವನ್ನು ಸೂಚಿಸಲಿ, ಅದರ ಕೆಳಗಿನ ಸಾಲು ಕೆಲಸವನ್ನು ನೇರವಾಗಿ ಹೇಳಲಿ. ಮುಂದೆ ಕೆಲಸ ಬದಲಾದರೆ ಆ ಸಾಲನ್ನಷ್ಟೇ ಅಳಿಸಿ ಬರೆದರೆ ಸಾಕು.

ಕೆಲಸ ಬದಲಾಗುತ್ತದೆ, ಬೇಕಾದರೆ ನೋಡಿ. ಸೋನಿಯ ಮೊದಲಿನ ಹೆಸರು ಟೋಕಿಯೋ ತ್ಸೂಶಿನ್ ಕೋಗ್ಯೋ. ಹೊರದೇಶದವರ ಬಾಯಲ್ಲಿ ಅದು ತಿರುಗುತ್ತಲೇ ಇರಲಿಲ್ಲ. 1955ರಲ್ಲಿ ರೇಡಿಯೋ ಮೇಲೆ 'ಸೋನಿ' ಅಂತ ಹಾಕಿ, 1958ರಲ್ಲಿ ಕಂಪನಿಗೂ ಅದೇ ಹೆಸರಿಟ್ಟರು. ಸಾಲ ಕೊಟ್ಟ ಬ್ಯಾಂಕಿನವರಿಗೆ ಇದು ಹಿಡಿಸಲಿಲ್ಲ. ಕೊನೇಪಕ್ಷ 'ಸೋನಿ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್' ಅಂತಾದರೂ ಇಡಿ ಅಂದರು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅಕಿಯೋ ಮೊರಿಟಾ ಒಪ್ಪಲಿಲ್ಲ. ಮುಂದೆ ನಾವು ಏನು ಮಾಡುತ್ತೇವೋ ಯಾರಿಗೆ ಗೊತ್ತು ಅನ್ನುವುದು ಅವರ ವಾದ. ಆಮೇಲೆ ಅದೇ ಕಂಪನಿ ಸಿನಿಮಾ, ಸಂಗೀತ, ವಿಮೆಯವರೆಗೂ ಹೋಯಿತು. ನೀವು ಇವತ್ತು ನೆಲ ಒರೆಸುತ್ತೀರಿ, ನಾಳೆ ಬಣ್ಣ ಬಳಿಯುವ ಕೆಲಸವನ್ನೂ ಹಿಡಿಯಬಹುದು.

ಪ್ರಶ್ನೆ: ಪ್ಲಂಬಿಂಗ್ ಕೆಲಸ. ಪಟ್ಟಿಯಲ್ಲಿ ಮೊದಲು ಬರಬೇಕು ಅಂತ 'ಎ' ಇಂದ ಶುರುವಾಗುವ ಹೆಸರು ಇಡು ಅಂತ ಗೆಳೆಯ ಹೇಳಿದ. ಇನ್ನೊಬ್ಬ ಮೂರು 'ಎ' ಹಾಕು ಅಂದ.
— ನಲ್ಲಿ ರಿಪೇರಿಯವರು

ಟೆಲಿಫೋನ್ ಡೈರೆಕ್ಟರಿ ಕಾಲದ ಉಪಾಯ ಇದು. ಆಗ ಕೆಲಸ ಮಾಡುತ್ತಿತ್ತು. ಆಪಲ್ ಅನ್ನುವ ಹೆಸರು ಡೈರೆಕ್ಟರಿಯಲ್ಲಿ ಅಟಾರಿ ಅನ್ನುವ ವಿಡಿಯೊ ಗೇಮ್ ಕಂಪನಿಗಿಂತ ಮುಂದೆ ಬರುತ್ತದೆ ಅನ್ನುವುದನ್ನೂ ಸ್ಟೀವ್ ಜಾಬ್ಸ್ ಒಂದು ಕಾರಣವಾಗಿ ಹೇಳಿದ್ದರು. ಈಗ ಜನ ಫೋನಿನಲ್ಲಿ ಹುಡುಕುತ್ತಾರೆ, ಅಲ್ಲಿ ಅಕಾರಾದಿ ನಡೆಯುವುದಿಲ್ಲ. ದೂರ, ಸ್ಟಾರ್, ಜನ ಬರೆದ ಅಭಿಪ್ರಾಯ, ಜಾಹೀರಾತು, ಇವು ನಡೆಯುತ್ತವೆ.

ಇನ್ನೂ ಒಂದು ವಿಷಯ ಇದೆ, ನಿಮಗೆ ಬೇಜಾರಾಗಬಹುದು. ರಯಾನ್ ಮೆಕ್‌ಡೆವಿಟ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದ ಇಲಿನಾಯ್ ರಾಜ್ಯದ ಪ್ಲಂಬರ್‌ಗಳ ಬಗ್ಗೆಯೇ ಅಧ್ಯಯನ ಮಾಡಿದ್ದಾರೆ, ಅದು 2014ರಲ್ಲಿ ಪ್ರಕಟವಾಯಿತು. ಹೆಸರು 'ಎ' ಅಕ್ಷರದಿಂದ ಅಥವಾ ಅಂಕಿಯಿಂದ ಶುರುವಾಗುವ ಸಂಸ್ಥೆಗಳ ಮೇಲೆ ಉಳಿದವರಿಗಿಂತ ಸರಾಸರಿ ಐದು ಪಟ್ಟು ದೂರು ಬಂದಿದ್ದವು! ಒಳ್ಳೆಯ ಕೆಲಸದವರಿಗೆ ಪಟ್ಟಿಯ ಹಂಗಿಲ್ಲ, ಹಳೆಯ ಗಿರಾಕಿಯೇ ಹೊಸಬರನ್ನು ಕಳಿಸುತ್ತಾನೆ. ಒಂದೇ ಸಲಕ್ಕೆ ಸಿಗುವ, ಅವಸರದಲ್ಲಿರುವ ಗಿರಾಕಿಯನ್ನು ಹಿಡಿಯಬೇಕು ಅನ್ನುವವರಿಗೆ ಮೊದಲ ಸಾಲು ಬೇಕು. ನೀವು ಅಂಥವರಲ್ಲ ಅಂದುಕೊಳ್ಳುತ್ತೇನೆ. ಆದರೂ ಮೂರು 'ಎ' ಬೇಡ.

ಪ್ರಶ್ನೆ: ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಸೇರಿಸಿದರೆ ಸಂಖ್ಯೆ ಕೂಡಿಬರುತ್ತದೆ ಅಂತ ಒಬ್ಬರು ಹೇಳಿದ್ದಾರೆ. ನಂಬಬೇಕಾ?
— ಬಟ್ಟೆ ಹೊಲಿಸುವ ಘಟಕದವರು

ನಂಬಿಕೆ ನಿಮಗೆ ಬಿಟ್ಟದ್ದು. ನಾನು ಖರ್ಚು ಮಾತ್ರ ಹೇಳುತ್ತೇನೆ.

ಗಿರಾಕಿಯೊಬ್ಬರ ಆಫೀಸಿನಲ್ಲಿ ಕೂತಿದ್ದೆ. ಅವರ ಹೆಸರಿನ ಸ್ಪೆಲಿಂಗ್ ತುಂಬ 'ವಿಶೇಷ'. ಮುಂದಿನ ಮೇಜಿನಲ್ಲಿ ಫೋನ್ ಎತ್ತುವ ಹುಡುಗಿ. 'ಕೆ ಅಲ್ಲ ಸರ್, ಕ್ಯೂ. ಹೌದು, ಕ್ಯೂ ಆದ್ಮೇಲೆ ಯು ಇಲ್ಲ. ಇಲ್ಲ ಸರ್, ಒಂದು ಎ ಅಲ್ಲ, ಎರಡು. ಕೊನೆಯಲ್ಲಿ ಝಡ್. ಝೀಬ್ರಾ ಝಡ್.' ಫೋನ್ ಇಟ್ಟಳು. ಒಂದು ಗುಟುಕು ನೀರು ಕುಡಿದಳು. ಮತ್ತೆ ರಿಂಗ್. 'ಕೆ ಅಲ್ಲ ಮೇಡಂ, ಕ್ಯೂ...' ಅದೃಷ್ಟದ ಅಕ್ಷರ ಸೇರಿಸಿಕೊಂಡ ಯಜಮಾನರು ಒಳಗಿನ ಕೋಣೆಯಲ್ಲಿ ಆರಾಮಾಗಿದ್ದರು. ಆ ಒಂದು ಅಕ್ಷರದ ಕೂಲಿಯನ್ನು ದಿನಾ ಕಟ್ಟುತ್ತಿದ್ದವಳು ಆ ಹುಡುಗಿ. ತಪ್ಪು ವಿಳಾಸಕ್ಕೆ ಹೋದ ಇಮೇಲ್‌ಗಳು ಬೇರೆ.

ಅಕ್ಷರ ಎಣಿಸುವ ಚಟ ದೊಡ್ಡವರಿಗೂ ಇದೆ ಅನ್ನಿ. ಟೊಯೋಡಾ ಕುಟುಂಬದವರು 1936ರಲ್ಲಿ ಸಾರ್ವಜನಿಕ ಸ್ಪರ್ಧೆ ಇಟ್ಟಾಗ ಸುಮಾರು 27 ಸಾವಿರ ಸಲಹೆ ಬಂದವು. ಅದರಿಂದ ಹೊರಟದ್ದು 'ಟೊಯೋಟಾ'. ಜಪಾನಿ ಲಿಪಿಯಲ್ಲಿ ಅದನ್ನು ಎಂಟು ಗೆರೆಯಲ್ಲಿ ಬರೆಯಬಹುದು, ಎಂಟು ಅಲ್ಲಿ ಶುಭ. ಆದರೆ ಗಮನಿಸಿ, ಅವರ ಹೆಸರು ಬರೆಯಲು ಸುಲಭವಾಯಿತು, ಕೇಳಲು ಹಗುರವಾಯಿತು. ಶುಭ ಬರುವಾಗ ಸುಲಭವನ್ನೂ ಜೊತೆಗೆ ತಂದರೆ ನನ್ನ ತಕರಾರಿಲ್ಲ.

ಪ್ರಶ್ನೆ: ಕಂಪನಿ ನೋಂದಣಿ ಆಯಿತು, ಸರ್ಟಿಫಿಕೇಟ್ ಬಂತು, ಬೋರ್ಡೂ ಹಾಕಿಸಿದೆ. ಈಗ ಅದೇ ಹೆಸರಿನ ಇನ್ನೊಂದು ಕಂಪನಿಯ ವಕೀಲರಿಂದ ನೋಟಿಸ್. ನೋಂದಣಿ ಕೊಟ್ಟವರು ಆಗ ಯಾಕೆ ಹೇಳಲಿಲ್ಲ?
— ಚರ್ಮದ ಚೀಲ ಮಾಡುವವರು

ಬಹಳ ಜನ ಎಡವುವ ಜಾಗ ಇದೇ. ಕಂಪನಿ ಹೆಸರಿನ ನೋಂದಣಿ ಬೇರೆ, ಟ್ರೇಡ್‌ಮಾರ್ಕ್ ಬೇರೆ, ವೆಬ್ ವಿಳಾಸ ಇನ್ನೂ ಬೇರೆ. ಮೂರು ಪುಸ್ತಕ, ಮೂರು ಕಚೇರಿ. ಒಂದರಲ್ಲಿ ಸಿಕ್ಕಿತು ಅಂದರೆ ಉಳಿದೆರಡರಲ್ಲೂ ನಿಮ್ಮದೇ ಅಂತಲ್ಲ. ಸರ್ಟಿಫಿಕೇಟ್ ಹೇಳುವುದು ಇಷ್ಟೇ: ಆ ಪುಸ್ತಕದಲ್ಲಿ ಆ ಹೆಸರು ಖಾಲಿ ಇತ್ತು.

ಮೊದಲು ಎದುರಿನವರು ಏನು ಮಾರುತ್ತಾರೆ ನೋಡಿ. ಟ್ರೇಡ್‌ಮಾರ್ಕ್ ಪ್ರಪಂಚವನ್ನು 1957ರ ನೀಸ್ ಒಪ್ಪಂದದ ಪ್ರಕಾರ ವರ್ಗಗಳಾಗಿ ಹಂಚಿದ್ದಾರೆ. ಈಗ ಒಟ್ಟು 45 ವರ್ಗ, ವಸ್ತುಗಳಿಗೆ 34, ಸೇವೆಗಳಿಗೆ 11. ಚರ್ಮದ ಚೀಲ 18ನೇ ವರ್ಗ, ಬಟ್ಟೆ ಮತ್ತು ಪಾದರಕ್ಷೆ 25. ಡೆಲ್ಟಾ ಅಂತ ವಿಮಾನ ಕಂಪನಿಯೂ ಇದೆ, ನಲ್ಲಿ ಮಾಡುವ ಕಂಪನಿಯೂ ಇದೆ. ವಿಮಾನದ ಟಿಕೆಟ್ ತೆಗೆಯಲು ಹೋದವರು ನಲ್ಲಿ ಕೊಂಡು ಬರುವುದಿಲ್ಲ, ಹಾಗಾಗಿ ಇಬ್ಬರೂ ಇದ್ದಾರೆ. ನಿಮಗೆ ನೋಟಿಸ್ ಕೊಟ್ಟವರೂ ಚೀಲವನ್ನೇ ಮಾರುತ್ತಿದ್ದರೆ ಕಥೆ ಬೇರೆ. ಚೀಲದ ಜೊತೆ ನಡೆಯುವ ವಸ್ತು, ಅಂದರೆ ಬೆಲ್ಟು, ಪರ್ಸು, ಶೂ, ಮಾರುತ್ತಿದ್ದರೂ ತೊಂದರೆ ಆಗಬಹುದು. ಕೇಳುವ ಪ್ರಶ್ನೆ ಒಂದೇ, ಕೊಳ್ಳುವವನಿಗೆ ಗೊಂದಲ ಆಗುತ್ತದಾ?

ಈ ಗಡಿಯೂ ಶಾಶ್ವತ ಅಲ್ಲ. ಬೀಟಲ್ಸ್ ತಂಡದ ಕಂಪನಿ ಆಪಲ್ ಕೋರ್, 1978ರಲ್ಲಿ ಆಪಲ್ ಕಂಪ್ಯೂಟರ್ ಮೇಲೆ ದಾವೆ ಹಾಕಿತು. 1981ರಲ್ಲಿ ರಾಜಿಯಾಯಿತು, ನೀವು ಸಂಗೀತಕ್ಕೆ ಬರಬೇಡಿ, ನಾವು ಕಂಪ್ಯೂಟರಿಗೆ ಬರುವುದಿಲ್ಲ ಅಂತ. ಆಮೇಲೆ ಕಂಪ್ಯೂಟರೇ ಹಾಡತೊಡಗಿತು! ಮತ್ತೆ ಕೋರ್ಟು, 1991ರಲ್ಲಿ ಮತ್ತೆ ರಾಜಿ. ಹಾಡು ಮಾರುವ ಅಂಗಡಿ ತೆರೆದಾಗ ಮೂರನೇ ಸಲ. ಪೂರ್ತಿ ಬಗೆಹರಿದದ್ದು 2007ರಲ್ಲಿ.

ನೀವೀಗ ಮಾಡಬೇಕಾದ್ದು: ನೋಟಿಸಿಗೆ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ, ಸುಮ್ನೆ ಡ್ರಾಯರಿನಲ್ಲಿ ಹಾಕಿ ಮರೆಯಲೂಬೇಡಿ. ಕೊಟ್ಟ ದಿನದೊಳಗೆ ಟ್ರೇಡ್‌ಮಾರ್ಕ್ ಗೊತ್ತಿರುವ ವಕೀಲರಿಗೆ ತೋರಿಸಿ. ನೀವು ಎಂದಿನಿಂದ ಆ ಹೆಸರು ಬಳಸುತ್ತಿದ್ದೀರಿ ಅನ್ನುವುದಕ್ಕೆ ಹಳೆಯ ಬಿಲ್ಲು, ಜಾಹೀರಾತು, ಫೋಟೊ ಏನಿದ್ದರೂ ಕೂಡಿಸಿಡಿ. ಎಷ್ಟೋ ದೇಶಗಳಲ್ಲಿ ಯಾರು ಮೊದಲು ಬಳಸಿದರು ಅನ್ನುವುದಕ್ಕೆ ಬೆಲೆ ಇದೆ. ಹೆಸರು ಬಿಡಬೇಕಾದರೂ ಸ್ವಲ್ಪ ಸಮಯ ಕೇಳಿ ಪಡೆಯಬಹುದು, ಇರುವ ಚೀಲಗಳನ್ನು ಮಾರಿ ಮುಗಿಸುವಷ್ಟು.

ಉಳಿದ ಓದುಗರಿಗೆ: ಹುಡುಕುವಾಗ ನಿಮ್ಮ ಸ್ಪೆಲಿಂಗ್ ಒಂದನ್ನೇ ಹಾಕಿ ನೋಡಬೇಡಿ. ಕೇಳಲು ಒಂದೇ ಥರ ಇರುವ ಎಲ್ಲವನ್ನೂ ಹಾಕಿ ನೋಡಿ, ಕೋರ್ಟು ಕಿವಿಯಿಂದಲೂ ಓದುತ್ತದೆ. ಆಮೇಲೆ ವೆಬ್ ವಿಳಾಸ. ಅದರಲ್ಲಿ ಪದಗಳ ನಡುವೆ ಜಾಗ ಬಿಡಲು ಆಗುವುದಿಲ್ಲ. ಎಲ್ಲ ಅಂಟಿಸಿ ಬರೆದು ಒಬ್ಬ ತುಂಟ ಹುಡುಗನ ಕೈಗೆ ಕೊಡಿ. ಓದಿ ನಕ್ಕರೆ ಬಿಟ್ಟುಬಿಡಿ. ಇಷ್ಟೆಲ್ಲ ಆದ ಮೇಲೆ ಬೋರ್ಡು. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಪ್ರಶ್ನೆ: ಎಐ ಹತ್ತಿರ ಕೇಳಿದೆ. ಒಂದೇ ನಿಮಿಷಕ್ಕೆ ಇನ್ನೂರು ಹೆಸರು ಕೊಟ್ಟಿತು. ಅರ್ಧಕ್ಕರ್ಧ 'ಫೈ' ಅಥವಾ 'ಲಿ' ಅಂತ ಮುಗಿಯುತ್ತವೆ. ಸ್ಟೈಲಾಗಿವೆ ಅಲ್ವಾ?
— ಮನೆಪಾಠದ ಆ್ಯಪ್ ಮಾಡುವವರು

ಅದೇ ಪ್ರಶ್ನೆಯನ್ನು ನಿಮ್ಮ ಎದುರಾಳಿಯೂ ಕೇಳಿರುತ್ತಾರೆ, ಅವರಿಗೂ ಅದೇ ಥರದ ಇನ್ನೂರು ಸಿಕ್ಕಿರುತ್ತವೆ. ಪಟ್ಟಿಯನ್ನು ಕಸದಂತೆ ನೋಡಬೇಡಿ, ಅದರಲ್ಲಿ ಒಂದೆರಡು ಬೇರು ಸಿಗಬಹುದು. ಬಾಲ ಕತ್ತರಿಸಿ. ಮತ್ತೆ 'ಲಿ' ಬಾಲಕ್ಕಾಗಿ 'ಡಾಟ್ ಎಲ್‌ವೈ' ವಿಳಾಸ ಕೊಳ್ಳುವ ಮುಂಚೆ ಒಂದು ಗೊತ್ತಿರಲಿ, ಅದು ಲಿಬಿಯಾ ದೇಶದ ವಿಳಾಸ. ನಡೆಯುವುದು ಅಲ್ಲಿನ ನಿಯಮ. 2010ರಲ್ಲಿ ಅಂಥದೇ ಒಂದು ಪುಟ್ಟ ವಿಳಾಸವನ್ನು ಅವರು ನಿಯಮ ಮೀರಿದೆ ಅಂತ ಕಿತ್ತುಕೊಂಡರು.

ಪ್ರಶ್ನೆ: ಹೆಸರಿನ ಸದ್ದಿಗೂ ವಸ್ತುವಿಗೂ ಸಂಬಂಧ ಇದೆ ಅಂತಾರಲ್ಲ, ನಿಜವಾ?
— ಹತ್ತಿಯ ಗೊಂಬೆ ಮಾಡುವವರು

ಇದೆ. ಎರಡು ಚಿತ್ರ ಬರೆಯಿರಿ, ಒಂದು ಗುಂಡಗೆ ಮೋಡದಂತೆ, ಇನ್ನೊಂದು ಚೂಪು ಚೂಪು. ಒಂದರ ಹೆಸರು 'ಬೂಬಾ', ಇನ್ನೊಂದರದು 'ಕೀಕಿ', ಯಾವುದು ಯಾವುದು ಅಂತ ಮನೆಯವರನ್ನು ಕೇಳಿ. ಹೆಚ್ಚುಕಡಿಮೆ ಎಲ್ಲರೂ ಗುಂಡಗಿನದನ್ನೇ ಬೂಬಾ ಅನ್ನುತ್ತಾರೆ. ಬೇರೆ ಪದಗಳನ್ನಿಟ್ಟು ಇದನ್ನು 1929ರಲ್ಲೇ ಕೋಲರ್ ಅನ್ನುವ ಮನೋವಿಜ್ಞಾನಿ ತೋರಿಸಿದ್ದರು. ಬೂಬಾ, ಕೀಕಿ ಪದಗಳಿಂದ 2001ರಲ್ಲಿ ರಾಮಚಂದ್ರನ್ ಮತ್ತು ಹಬರ್ಡ್ ಜನಪ್ರಿಯ ಮಾಡಿದರು. ನಿಮ್ಮ ಮೆತ್ತನೆ ಗೊಂಬೆಗೆ ಬ, ಮ, ಲ ಇರುವ ಹೆಸರು ಒಪ್ಪುತ್ತದೆ. ಕಟಕಟ ಅನ್ನುವ ಹೆಸರುಗಳನ್ನು ಕತ್ತರಿ ಮಾಡುವವರಿಗೆ ಬಿಡಿ. ಆದರೆ ಹೊಲಿಗೆ ಬಿಚ್ಚಿಕೊಳ್ಳುವ ಗೊಂಬೆಯನ್ನು ಯಾವ ಸದ್ದೂ ಕಾಪಾಡುವುದಿಲ್ಲ.

ಪ್ರಶ್ನೆ: ಅಪ್ಪ ಇಟ್ಟ ಹೆಸರು ಹಳೇ ಕಾಲದ್ದು. ಅಂಗಡಿ ಈಗ ನನ್ನ ಕೈಗೆ ಬಂದಿದೆ. ಹೊಸ ಹೆಸರು ಇಡೋಣ ಅಂತ. ಆದರೆ ಹೊಸದು ಯಾವುದೂ ಮನಸ್ಸಿಗೆ ಹಿಡಿಸ್ತಿಲ್ಲ.
— ಪಾತ್ರೆ ವ್ಯಾಪಾರಿ

ಹಳೆಯ ಹೆಸರಿನಿಂದ ಗಿರಾಕಿಗೆ ತೊಂದರೆ ಆಗಿದೆಯಾ, ಅಥವಾ ನಿಮಗೆ ನಾಚಿಕೆಯಾ? ನಾಚಿಕೆ ಮಾತ್ರ ಅಂದರೆ ಬದಲಿಸಬೇಡಿ. ಅಕ್ಷರದ ವಿನ್ಯಾಸ ಹೊಸದು ಮಾಡಿಸಿ, ಸಾಕು. ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ ತನ್ನನ್ನು 'ಕನ್‌ಸಿಗ್ನಿಯಾ' ಅಂತ ಕರೆದುಕೊಂಡಿತು. ಅದೇನು ಅಂತ ಯಾರಿಗೂ ಅರ್ಥವಾಗಲಿಲ್ಲ, ಜನ ಗೇಲಿ ಮಾಡಿದರು. ಮರುವರ್ಷವೇ ಅದನ್ನು ಬಿಟ್ಟು ಹಳೆಯ 'ರಾಯಲ್ ಮೇಲ್' ಹೆಸರಿಗೆ ಮರಳಿದರು.

ಬದಲಿಸಲೇಬೇಕು ಅಂತಿದ್ದರೆ, ಮೊದಲ ನೋಟಕ್ಕೆ ಪ್ರೀತಿ ಹುಟ್ಟಬೇಕು ಅಂತ ಕಾಯಬೇಡಿ. ನೈಕಿ ಕಂಪನಿ 1964ರಲ್ಲಿ ಶುರುವಾದಾಗ ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಆಗಿತ್ತು. 1971ರಲ್ಲಿ ಸ್ವಂತ ಶೂ ತರುವಾಗ ಹೆಸರು ಬೇಕಾಯಿತು. ಮಾಲೀಕ ಫಿಲ್ ನೈಟ್‌ಗೆ ಇಷ್ಟವಾಗಿದ್ದು 'ಡೈಮೆನ್ಷನ್ ಸಿಕ್ಸ್'. ಕೆಲಸಗಾರ ಜೆಫ್ ಜಾನ್ಸನ್ ನಿದ್ದೆಯಲ್ಲಿ ಹೊಳೆಯಿತು ಅಂತ 'ನೈಕಿ' ಅಂದ. ಡಬ್ಬ ಅಚ್ಚಿಗೆ ಹೋಗುವ ಗಡುವು ತಲೆ ಮೇಲಿತ್ತು. ಅಂಥಾ ಇಷ್ಟವಿಲ್ಲದಿದ್ದರೂ ನೈಟ್ ಅದನ್ನೇ ಕಳಿಸಿಬಿಟ್ಟರು. ಅದೇ ಸಮಯದಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಅನ್ನುವ ವಿದ್ಯಾರ್ಥಿನಿ ಬರೆದುಕೊಟ್ಟ ಬಾಗಿದ ಗೆರೆಗೆ 35 ಡಾಲರ್ ಕೊಟ್ಟರು. ನನ್ನ ಹತ್ತಿರ ಚೌಕಾಸಿ ಮಾಡುವವರೆಲ್ಲ ಈ 35 ಡಾಲರ್ ಕಥೆಯನ್ನು ಹೇಳುತ್ತಾರೆ. 1983ರಲ್ಲಿ ಕಂಪನಿ ಆಕೆಯನ್ನು ಕರೆದು ಷೇರು ಕೊಟ್ಟದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹೊಸ ಬೋರ್ಡಿನಲ್ಲಿ ಒಂದೆರಡು ವರ್ಷ ಹಳೆಯ ಹೆಸರೂ ಚಿಕ್ಕದಾಗಿ ಇರಲಿ. ಅಪ್ಪನ ಗಿರಾಕಿಗಳು ಬೋರ್ಡು ನೋಡಿ 'ಅಂಗಡಿ ಕೈಬದಲಾಯ್ತು' ಅಂತ ಮುಂದೆ ಹೋಗಬಾರದು.

ಪ್ರಶ್ನೆ: ಹೆಸರಿನ ಕೊನೆಗೆ 'ಇಂಟರ್‌ನ್ಯಾಷನಲ್' ಅಂತ ಸೇರಿಸಬಹುದಾ? ಸದ್ಯಕ್ಕೆ ಒಂದೇ ಕೋಣೆ ಇದೆ.
— ಹೆಸರು, ಕಸುಬು ಎರಡೂ ಬರೆಯದವರು

ನಿಮ್ಮ ದೇಶದ ನಿಯಮದಲ್ಲಿ ಆ ಪದಕ್ಕೆ ಏನಾದರೂ ಷರತ್ತು ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಕಂಪ್ಯೂಟಿಂಗ್-ಟ್ಯಾಬುಲೇಟಿಂಗ್-ರೆಕಾರ್ಡಿಂಗ್ ಅನ್ನುವ ಉದ್ದ ಹೆಸರಿನ ಕಂಪನಿ 1924ರಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಮೆಷೀನ್ಸ್, ಅಂದರೆ ಐಬಿಎಂ, ಆಯಿತು. ಅಷ್ಟೊತ್ತಿಗೆ ಅವರ ಯಂತ್ರಗಳು ಬೇರೆ ದೇಶಗಳಲ್ಲೂ ಓಡುತ್ತಿದ್ದವು. ನೀವು ಎರಡನೇ ಕೋಣೆ ಹಿಡಿದ ಮೇಲೆ ಬರೆಯಿರಿ, ಮಾತಾಡೋಣ.